ಬಲೆಯಲ್ಲಿ ಸೊನ್ನೆ, ಸುಳಿಯಲ್ಲಿ ಹುಳು: ಕೀಟ ನಿಗಾ ಇಂಟರ್ನ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ಕೀಟ ನಿಗಾ ಇಂಟರ್ನ್‌ಶಿಪ್‌ಗೆ ಸೇರಿದವರಿಗೆ ಮೊದಲು ಸಿಗುವ ಕೆಲಸ ಮೋಹಕ ಬಲೆಯ, ಅಂದರೆ ಹೆಣ್ಣಿನ ವಾಸನೆಯ ನಕಲಿಟ್ಟು ಗಂಡು ಪತಂಗ ಹಿಡಿಯುವ ಬಲೆಯ, ಎಣಿಕೆ. ಹೊಲಕ್ಕೆ ಹೋಗಬೇಕು, ಬಲೆಯ ಚೀಲ ಬಿಚ್ಚಬೇಕು, ಬಿದ್ದ ಪತಂಗ ಎಣಿಸಿ ಬರೆದುಕೊಂಡು ಬರಬೇಕು. ಇಷ್ಟೇನಾ ಅನ್ನಿಸುತ್ತದೆ. ತಕರಾರು ಶುರುವಾಗುವುದು ಬಲೆ ಒಂದು ಹೇಳಿ ಗಿಡ ಇನ್ನೊಂದು ಹೇಳಿದಾಗ. ಬಲೆಯಲ್ಲಿ ಸೊನ್ನೆ, ಮೆಕ್ಕೆಜೋಳದ ಸುಳಿ ಬಿಡಿಸಿ ನೋಡಿದರೆ ಒಳಗೆ ಹುಳು ಕೂತಿದೆ. ಇಲ್ಲವೇ ಬಲೆ ತುಂಬಿದೆ, ಗಿಡದಲ್ಲಿ ಒಂದು ಮೊಟ್ಟೆಯೂ ಸಿಗುತ್ತಿಲ್ಲ. ಇನ್ನೂ ಕಷ್ಟದ್ದು ಮೂರನೆಯದು: ಬಲೆಯಲ್ಲೂ ಏನಿಲ್ಲ, ಎಲೆಯ ಮೇಲೂ ಏನಿಲ್ಲ, ಗಿಡ ಮಾತ್ರ ದಿನದಿನಕ್ಕೆ ಬಾಡುತ್ತಿದೆ.

ಈ ಮೂರಕ್ಕೂ ಹುಡುಕುವ ಕ್ರಮ ಒಂದೇ. ಬೇಗ ನೋಡಿ ಮುಗಿಸಬಹುದಾದದ್ದು ಮೊದಲು, ಕಷ್ಟದ್ದು ಕೊನೆಗೆ. ಅಂದರೆ ಮೊದಲು ದಾಖಲೆ ಪುಸ್ತಕ, ಆಮೇಲೆ ಬಲೆ, ಆಮೇಲೆ ಲ್ಯೂರ್ (ಬಲೆಯೊಳಗೆ ಇಡುವ ವಾಸನೆಯ ತುಂಡು), ಆಮೇಲೆ ಬಲೆ ನಿಲ್ಲಿಸಿದ ಜಾಗ, ಕೀಟದ ವಿಚಾರ ಕಟ್ಟಕಡೆಗೆ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಸೊನ್ನೆ ಕಂಡ ತಕ್ಷಣ ಹವಾಮಾನ ಬದಲಾವಣೆ, ಹೊಸ ತಳಿಯ ಕೀಟ ಅಂತ ದೊಡ್ಡ ದೊಡ್ಡ ಕಾರಣ ಹಿಡಿದು ಕೂರುತ್ತಾರೆ. ನೋಡಿದರೆ ಚೀಲದ ತಳದ ಗಂಟು ಬಿಚ್ಚಿಹೋಗಿರುತ್ತದೆ.

ಮೊದಲು ಪುಸ್ತಕ ತೆಗೆಯಿರಿ

ಹಿಂದಿನ ಕೆಲವು ವಾರಗಳ ಸಾಲುಗಳನ್ನು ಓದಿ. ಸೊನ್ನೆ ಅಂತ ಬರೆದದ್ದು ನಿಜವಾಗಿಯೂ ಎಣಿಸಿ ಬರೆದ ಸೊನ್ನೆಯಾ, ಅಥವಾ ಆವತ್ತು ಯಾರೂ ಹೋಗಿರಲಿಲ್ಲವಾ? ಬಲೆ ಗಾಳಿಗೆ ಬಿದ್ದಿತ್ತಾ? ಈ ಮೂರೂ ಬೇರೆ ಬೇರೆ ಸಂಗತಿ. ಪುಸ್ತಕದಲ್ಲಿ ಮೂರೂ ‘0’ ಆಗಿ ಕೂತರೆ ಮುಂದೆ ಗ್ರಾಫ್ ಬರೆಯುವವರಿಗೆ ಆ ವಾರ ಕೀಟವೇ ಇರಲಿಲ್ಲ ಅಂತ ಕಾಣುತ್ತದೆ. ಎಣಿಸಿ ಏನೂ ಸಿಗದಿದ್ದರೆ ಮಾತ್ರ 0 ಬರೆಯಿರಿ. ಹೋಗದಿದ್ದರೆ ‘ನೋಡಿಲ್ಲ’, ಬಲೆ ಕೆಟ್ಟಿದ್ದರೆ ‘ಬಲೆ ಬಿದ್ದಿತ್ತು’ ಅಂತ ಅಕ್ಷರದಲ್ಲೇ ಬರೆಯಿರಿ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಎರಡನೆಯದು, ಎಷ್ಟು ರಾತ್ರಿಯ ಲೆಕ್ಕ ಅದು? 7 ರಾತ್ರಿಗೆ 21 ಪತಂಗ, 10 ರಾತ್ರಿಗೆ 30 ಪತಂಗ. ಮೇಲ್ನೋಟಕ್ಕೆ ಕೀಟ ಜಾಸ್ತಿಯಾದ ಹಾಗೆ ಕಾಣುತ್ತದೆ, ಭಾಗಿಸಿದರೆ ಎರಡೂ ರಾತ್ರಿಗೆ 3. ಹಬ್ಬಕ್ಕೋ ಪರೀಕ್ಷೆಗೋ ಒಂದು ಭೇಟಿ ತಪ್ಪಿದರೆ ಮುಂದಿನ ಸಂಖ್ಯೆ ತಾನಾಗಿ ಉಬ್ಬುತ್ತದೆ. ಹಾಗಾಗಿ ಯಾವತ್ತೂ ಒಂದು ಬಲೆಗೆ ಒಂದು ರಾತ್ರಿಗೆ ಎಷ್ಟು ಅಂತಲೇ ಹೋಲಿಸಿ.

ಎಣಿಸಿದ ಪತಂಗಗಳನ್ನು ಚೀಲದಿಂದ ತೆಗೆದು ಹಾಕಿದ್ದಾರಾ ಅಂತಲೂ ಕೇಳಿ. ಒಬ್ಬರು ತೆಗೆಯುತ್ತಾರೆ, ಇನ್ನೊಬ್ಬರು ಹಾಗೇ ಬಿಡುತ್ತಾರೆ. ಆಗ ಒಂದೇ ಪತಂಗ ಎರಡು ವಾರದ ಲೆಕ್ಕದಲ್ಲಿ ಸೇರುತ್ತದೆ. ಇನ್ನು ದಿನಾಂಕ. ಕಂಪ್ಯೂಟರ್ ಹಾಳೆಗೆ ಏರಿಸುವಾಗ 5/8 ಎಂಬುದು ಆಗಸ್ಟ್ 5 ಆಗಬೇಕಿದ್ದದ್ದು ಮೇ 8 ಆಗಿಬಿಡುತ್ತದೆ. 12ರ ಒಳಗಿನ ತಾರೀಖುಗಳಿಗೆ ಮಾತ್ರ ಹೀಗಾಗುವುದರಿಂದ ಬೇಗ ಗೊತ್ತೇ ಆಗುವುದಿಲ್ಲ. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಈ ಗೋಳು ಇಲ್ಲ.

ಬಲೆಯ ಹತ್ತಿರ ಕೂತು ನೋಡಿ

ಫನಲ್ ಬಲೆಯಾದರೆ (ಆಲಿಕೆಯ ಕೆಳಗೆ ಚೀಲ ಕಟ್ಟಿದ್ದು) ಮೊದಲು ಚೀಲದ ತಳ ಮುಟ್ಟಿ. ಗಂಟು ಗಟ್ಟಿಯಿದೆಯಾ? ಚೀಲಕ್ಕೆ ತೂತು ಬಿದ್ದಿದೆಯಾ? ಬಿಸಿಲಿಗೆ ಪ್ಲಾಸ್ಟಿಕ್ ಪುಡಿಯಾಗುತ್ತದೆ, ಇಲಿ ಕಚ್ಚುತ್ತದೆ. ಆಮೇಲೆ ಚೀಲದ ಒಳಭಾಗವನ್ನು ಬೆಳಕಿಗೆ ಹಿಡಿಯಿರಿ. ಪತಂಗ ಇಲ್ಲದಿದ್ದರೂ ಪ್ಲಾಸ್ಟಿಕ್‌ಗೆ ಬೂದು ಪುಡಿ ಮೆತ್ತಿದೆಯಾ ನೋಡಿ. ಅದು ರೆಕ್ಕೆಯ ಹುಡಿ. ಅದಿದ್ದರೆ ಪತಂಗ ಬಂದು ಒದ್ದಾಡಿದೆ ಅಂತಲೇ ಅರ್ಥ. ತಳದಲ್ಲಿ ಬಿಡಿ ರೆಕ್ಕೆಗಳು, ಒಂದೆರಡು ತಲೆ, ಕಾಲು ಉಳಿದಿದ್ದರೆ ಇರುವೆಗಳು ಊಟ ಮುಗಿಸಿ ಹೋಗಿವೆ. ಮುಂದಿನ ರೆಕ್ಕೆಗಳನ್ನಷ್ಟೇ ಆರಿಸಿ, ಎಣಿಸಿ, ಎರಡರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ಅದನ್ನು ‘ಅಂದಾಜು’ ಅಂತಲೇ ಬರೆಯಿರಿ. ಇರುವೆಗೆ ಪರಿಹಾರ ಸರಳ: ಬಲೆ ಕಟ್ಟಿದ ಕೋಲಿಗೆ ಗ್ರೀಸ್ ಬಳಿಯಿರಿ, ಬಲೆಗೆ ಎಲೆ ತಾಗದಂತೆ ಸುತ್ತ ಬಿಡಿಸಿ. ಒಂದು ಎಲೆ ತಾಗಿದರೂ ಇರುವೆಗೆ ಅದೇ ಸೇತುವೆ.

ಮಳೆಗಾಲದಲ್ಲಿ ಚೀಲದಲ್ಲಿ ನೀರು ನಿಂತು ಪತಂಗಗಳು ಕೊಳೆತು ಮುದ್ದೆಯಾಗುತ್ತವೆ. ತಳಕ್ಕೆ ಸೂಜಿಯಲ್ಲಿ ಒಂದೆರಡು ಸಣ್ಣ ತೂತು ಮಾಡಿದರೆ ನೀರು ಬಸಿಯುತ್ತದೆ.

ಅಂಟು ಬಲೆಯಾದರೆ ಬೆರಳು ತಾಗಿಸಿ. ಎಳೆದಾಗ ನೂಲು ಬರುವ ಹಾಗೆ ಅಂಟಬೇಕು. ಧೂಳು ಕೂತ ಹಾಳೆ ನೋಡಲು ಹಳದಿಯಾಗಿಯೇ ಇರುತ್ತದೆ, ಹಿಡಿಯುವುದಿಲ್ಲ. ರಸ್ತೆ ಬದಿಯ ಹೊಲಗಳಲ್ಲಿ ಇದು ಮಾಮೂಲು. ಹಾಳೆ ಪೂರ್ತಿ ಕೀಟಗಳಿಂದ ತುಂಬಿದ್ದರೂ ಅದೇ ಕತೆ: ಹೊಸದು ಕೂರಲು ಜಾಗವೇ ಇರುವುದಿಲ್ಲ. ಬಣ್ಣವನ್ನೂ ಗಮನಿಸಿ. ಬಿಳಿನೊಣ, ರೆಕ್ಕೆಯಿರುವ ಸಸ್ಯಹೇನು, ಎಲೆಯೊಳಗೆ ಗೆರೆ ಕೊರೆಯುವ ರಂಗೋಲಿ ಹುಳುವಿನ ನೊಣ ಹಳದಿಗೆ ಬರುತ್ತವೆ. ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟಕ್ಕೆ ನೀಲಿ ಹಾಳೆ ಬಳಸುವ ರೂಢಿಯಿದೆ.

ಲ್ಯೂರ್: ಹೆಚ್ಚಿನ ದೋಷ ಇಲ್ಲೇ

ಹೆಣ್ಣು ಪತಂಗ ಗಂಡನ್ನು ಕರೆಯಲು ಬಿಡುವ ವಾಸನೆಯ ನಕಲು ಈ ಲ್ಯೂರ್. ಇಂಥ ವಾಸನೆಯನ್ನು ಮೊದಲು ಬೇರ್ಪಡಿಸಿ ಗುರುತಿಸಿದ್ದು ರೇಷ್ಮೆ ಪತಂಗದಲ್ಲಿ, 1959ರಲ್ಲಿ, ಜರ್ಮನಿಯ ಅಡಾಲ್ಫ್ ಬುಟೆನಾಂಟ್ ತಂಡ. ಅದಕ್ಕೆ ಸುಮಾರು 5 ಲಕ್ಷ ಹೆಣ್ಣು ಪತಂಗ ಬೇಕಾದವು. ಒಂದು ಪತಂಗದಲ್ಲಿ ಈ ವಸ್ತು ಎಷ್ಟು ಕಡಿಮೆ ಇರುತ್ತದೆ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ಗಂಡು ಪತಂಗದ ಮೀಸೆ ಅಷ್ಟು ಚುರುಕು. ಅದಕ್ಕೇ ಲ್ಯೂರ್ ವಿಷಯದಲ್ಲಿ ನಮಗೆ ಸಣ್ಣದು ಅನ್ನಿಸುವ ಎಡವಟ್ಟು ಅದಕ್ಕೆ ದೊಡ್ಡದು.

ಉದಾಹರಣೆಗೆ ಕಾಯಿಕೊರಕ ಹೆಲಿಕೋವರ್ಪಾ ಆರ್ಮಿಜೆರಾ. ಇದರ ಲ್ಯೂರ್‌ನಲ್ಲಿ ಎರಡು ರಾಸಾಯನಿಕಗಳು ಸುಮಾರು 97ಕ್ಕೆ 3ರ ಪ್ರಮಾಣದಲ್ಲಿರುತ್ತವೆ. ಪ್ರಮಾಣ ಕೆಟ್ಟರೆ ಪತಂಗ ಹತ್ತಿರ ಬಂದರೂ ಒಳಗೆ ಇಳಿಯದೆ ಹೋಗಬಹುದು. ಪ್ರಮಾಣ ಕೆಡಿಸುವುದು ಕಷ್ಟವೇನಲ್ಲ. ಒಂದು ಕೀಟದ ಲ್ಯೂರ್ ಮುಟ್ಟಿದ ಬೆರಳಲ್ಲೇ ಇನ್ನೊಂದನ್ನು ಮುಟ್ಟಿದರೆ ಸಾಕು. ಎಲ್ಲಾ ಕೀಟಗಳ ಲ್ಯೂರ್ ಒಂದೇ ಡಬ್ಬಿಯಲ್ಲಿ ಬಿಚ್ಚಿ ಇಟ್ಟಿದ್ದರಂತೂ ಮುಗಿಯಿತು. ಪ್ರತಿ ಕೀಟಕ್ಕೂ ಬೇರೆ ಚಿಮಟ ಅಥವಾ ಬೇರೆ ಕೈಗವಸು ಇಟ್ಟುಕೊಳ್ಳಿ.

ರಬ್ಬರ್ ಲ್ಯೂರ್‌ಗಳು ನೋಡಲು ಎಲ್ಲವೂ ಒಂದೇ ಥರ. ಪೊಟ್ಟಣದಿಂದ ಹೊರಗೆ ಬಂದ ಮೇಲೆ ಯಾವುದು ಯಾವ ಕೀಟದ್ದು ಅಂತ ಕಣ್ಣಲ್ಲಿ ಹೇಳಲು ಆಗುವುದಿಲ್ಲ. ಆದ್ದರಿಂದ ಬಲೆಯ ಮೇಲೆ ಮಾರ್ಕರ್‌ನಲ್ಲಿ ಕೀಟದ ಹೆಸರು, ಲ್ಯೂರ್ ಹಾಕಿದ ದಿನ, ಪೊಟ್ಟಣದ ಬ್ಯಾಚ್ ಸಂಖ್ಯೆ ಬರೆಯಿರಿ. ಹಣ್ಣುನೊಣದ ಬಲೆಯಲ್ಲಿ ತಪ್ಪು ಲ್ಯೂರ್ ಹಾಕುವುದು ಇನ್ನೂ ಸುಲಭ. ಮಾವು, ಸೀಬೆ ಕಾಡುವ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಮೀಥೈಲ್ ಯೂಜಿನಾಲ್‌ಗೆ ಬರುತ್ತದೆ. ಕುಂಬಳ, ಹಾಗಲ, ಸೌತೆಯ ಹಣ್ಣುನೊಣ ಅದರತ್ತ ತಿರುಗಿಯೂ ನೋಡುವುದಿಲ್ಲ, ಅದಕ್ಕೆ ಕ್ಯೂ ಲ್ಯೂರ್ ಬೇಕು. ಹಾಗಲ ಚಪ್ಪರದಲ್ಲಿ ಮೀಥೈಲ್ ಯೂಜಿನಾಲ್ ಕಟ್ಟಿ ಸೊನ್ನೆ ಎಣಿಸಿದರೆ ಅದು ಹಾಗಲದ ನೊಣದ ಲೆಕ್ಕವೇ ಅಲ್ಲ.

ವಯಸ್ಸು ನೋಡಿ. ತಯಾರಕರು ಪೊಟ್ಟಣದ ಮೇಲೆ ಎಷ್ಟು ವಾರ ಅಂತ ಬರೆದಿರುತ್ತಾರೆ, ಸಾಮಾನ್ಯವಾಗಿ ಮೂರರಿಂದ ಆರು ವಾರದ ನಡುವೆ. ಬಿಸಿಲು ಜೋರಾಗಿದ್ದರೆ ವಾಸನೆ ಬೇಗ ಆವಿಯಾಗುತ್ತದೆ, ಆಗ ಬರೆದ ಅವಧಿಯನ್ನು ಪೂರ್ತಿ ನಂಬಬೇಡಿ. ಉಳಿದ ಲ್ಯೂರ್‌ಗಳನ್ನು ಫಾಯಿಲ್ ಪೊಟ್ಟಣ ಒಡೆಯದೆ ಫ್ರಿಜ್‌ನಲ್ಲಿಡಿ. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟ ಪೊಟ್ಟಣವನ್ನು ಹೊಸದು ಅಂತ ಬಳಸಬೇಡಿ. ಹಳೆಯ ಲ್ಯೂರ್ ತೆಗೆದು ಅಲ್ಲೇ ಗಿಡದ ಬುಡಕ್ಕೆ ಎಸೆಯುವ ಅಭ್ಯಾಸವೂ ಬೇಡ. ಅದರಲ್ಲಿ ಉಳಿದಿರುವ ವಾಸನೆ ನಿಮ್ಮ ಬಲೆಗೇ ಪೈಪೋಟಿ ಕೊಡುತ್ತದೆ. ಚೀಲದಲ್ಲಿ ಕಟ್ಟಿ ಹೊಲದಿಂದ ಆಚೆ ತನ್ನಿ.

ಇಷ್ಟಾದರೂ ಅನುಮಾನ ಉಳಿದರೆ ಅದಲು ಬದಲು ಪರೀಕ್ಷೆ ಮಾಡಿ. ಇಡೀ ಕೈಪಿಡಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪತಂಗ ಬೀಳುತ್ತಿರುವ ಒಂದು ಬಲೆ, ಬೀಳದಿರುವ ಒಂದು ಬಲೆ, ಎರಡೂ ಒಂದೇ ಕೀಟದ್ದು, ಒಂದೇ ಬೆಳೆಯಲ್ಲಿರುವುದು. ಎರಡರ ಲ್ಯೂರ್‌ಗಳನ್ನು ಮಾತ್ರ ಅದಲು ಬದಲು ಮಾಡಿ ಕೆಲವು ರಾತ್ರಿ ಬಿಡಿ. ಸೊನ್ನೆ ಲ್ಯೂರ್ ಜೊತೆಗೇ ಆ ಕಡೆ ಹೋಯಿತಾ? ಲ್ಯೂರ್ ಕೆಟ್ಟಿದೆ. ಸೊನ್ನೆ ಇದ್ದಲ್ಲೇ ಉಳಿಯಿತಾ? ಲ್ಯೂರ್ ಚೆನ್ನಾಗಿದೆ. ಈಗ ಲ್ಯೂರ್ ಮುಟ್ಟದೆ ಬಲೆಗಳನ್ನೇ ಅದಲು ಬದಲು ಮಾಡಿ. ಸೊನ್ನೆ ಬಲೆಯ ಜೊತೆ ಹೋದರೆ ಬಲೆಯಲ್ಲಿ ದೋಷ, ಅಲ್ಲೇ ಉಳಿದರೆ ಜಾಗದಲ್ಲಿ ದೋಷ. ಒಂದು ಸಲಕ್ಕೆ ಒಂದೇ ಬದಲಾವಣೆ. ಆತುರಕ್ಕೆ ಲ್ಯೂರ್ ಹೊಸದು ಹಾಕಿ, ಬಲೆ ಒರೆಸಿ, ಜಾಗವನ್ನೂ ಬದಲಿಸಿದರೆ ಪತಂಗವೇನೋ ಬೀಳಬಹುದು, ಯಾವುದು ಕೆಟ್ಟಿತ್ತು ಅಂತ ಮಾತ್ರ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಅದೇ ತಕರಾರು ಮತ್ತೆ ಬರುತ್ತದೆ.

ಜಾಗ, ಎತ್ತರ, ಗಾಳಿ

ಬಿತ್ತನೆ ಆದಾಗ ನೆಟ್ಟ ಬಲೆ ಅದೇ ಎತ್ತರದಲ್ಲಿ ಇರುತ್ತದೆ, ಬೆಳೆ ಅದನ್ನು ದಾಟಿ ಮೇಲೆ ಹೋಗಿರುತ್ತದೆ. ಎಲೆಗಳ ನಡುವೆ ಮುಳುಗಿದ ಬಲೆಯಿಂದ ವಾಸನೆ ಹರಡುವುದಿಲ್ಲ. ಮೆಕ್ಕೆಜೋಳದ ಫಾಲ್ ಸೈನಿಕ ಹುಳುವಿಗೆ ಲ್ಯೂರ್ ಬೆಳೆಯ ತುದಿಗಿಂತ ಸುಮಾರು 30 ಸೆಂ.ಮೀ. ಮೇಲಿರಲಿ, ಬೆಳೆ ಬೆಳೆದ ಹಾಗೆ ಏರಿಸುತ್ತಾ ಹೋಗಿ. ಬೇರೆ ಕೀಟಗಳಿಗೆ ಎತ್ತರ ಬೇರೆ ಇರುತ್ತದೆ, ಪೊಟ್ಟಣದ ಸೂಚನೆ ನೋಡಿ.

ಪತಂಗ ವಾಸನೆಯ ಜಾಡು ಹಿಡಿದು ಗಾಳಿಗೆ ಎದುರಾಗಿ ಹಾರಿ ಬರುತ್ತದೆ. ಹಾಗಾಗಿ ಗಾಳಿ ಹೊಲದೊಳಕ್ಕೆ ಬೀಸುವ ಅಂಚಿನಲ್ಲಿ ಬಲೆ ಇದ್ದರೆ ವಾಸನೆ ಬೆಳೆಯ ಮೇಲೆ ಹರಿಯುತ್ತದೆ. ಆಚೆ ಅಂಚಿನಲ್ಲಿಟ್ಟರೆ ಪಕ್ಕದವರ ಹೊಲದ ಲೆಕ್ಕ ನಿಮ್ಮ ಪುಸ್ತಕಕ್ಕೆ ಬರುತ್ತದೆ. ಮರದ ಕೆಳಗೆ, ಗೋಡೆಯ ಮರೆಯಲ್ಲಿ, ರಾತ್ರಿ ದೀಪ ಉರಿಯುವ ಕಡೆ ಬಲೆ ಬೇಡ.

ಕೇಳಲು ಮರೆಯುವ ಪ್ರಶ್ನೆ ಇನ್ನೊಂದಿದೆ. ಆ ಹೊಲದಲ್ಲಿ ಅಥವಾ ಪಕ್ಕದ ಹೊಲದಲ್ಲಿ ಪತಂಗಗಳ ಜೋಡಿ ತಪ್ಪಿಸಲು ಮೋಹಕ ವಸ್ತುವನ್ನು ಎಲ್ಲೆಡೆ ಕಟ್ಟಿದ್ದಾರಾ, ಅಥವಾ ಪೇಸ್ಟ್ ಮಾಡಿ ಗಿಡಗಳಿಗೆ ಹಚ್ಚಿದ್ದಾರಾ? ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ಹೀಗೆ ಮಾಡುತ್ತಾರೆ. ಎಲ್ಲೆಡೆ ಹೆಣ್ಣಿನ ವಾಸನೆ ತುಂಬಿದಾಗ ಗಂಡಿಗೆ ನಿಮ್ಮ ಬಲೆ ಸಿಗುವುದಿಲ್ಲ. ಅಲ್ಲಿ ಸೊನ್ನೆ ಬಂದರೆ ಆ ವಿಧಾನ ಕೆಲಸ ಮಾಡುತ್ತಿದೆ ಅಂತ ಲೆಕ್ಕ. ಕೀಟ ಇಲ್ಲ ಅಂತ ತೀರ್ಮಾನಿಸಲು ಕಾಯಿ ಒಡೆದೇ ನೋಡಬೇಕು.

ಎಲ್ಲಾ ಸರಿಯಿದೆ, ಆದರೂ ಸೊನ್ನೆ

ಈಗ ಕೀಟದ ಕಡೆ ತಿರುಗಬಹುದು. ಫಾಲ್ ಸೈನಿಕ ಹುಳುವನ್ನೇ ತೆಗೆದುಕೊಳ್ಳೋಣ. ಅಮೆರಿಕ ಖಂಡಗಳ ಈ ಕೀಟ 2016ರಲ್ಲಿ ಆಫ್ರಿಕಾದಲ್ಲಿ, 2018ರಲ್ಲಿ ಭಾರತದಲ್ಲಿ ಕಾಣಿಸಿತು. ಬೆಚ್ಚಗಿನ ಹವೆಯಲ್ಲಿ ಅದರ ಮೊಟ್ಟೆ ಒಡೆಯಲು 2–3 ದಿನ, ಹುಳು ಬೆಳೆಯಲು ಸುಮಾರು 14ರಿಂದ 22 ದಿನ, ಆಮೇಲೆ ಮಣ್ಣಿನಲ್ಲಿ ಕೋಶವಾಗಿ (ಹುಳು ಪತಂಗವಾಗುವ ಹಂತ) 8–9 ದಿನ. ಈಗ ಲೆಕ್ಕ ಹಾಕಿ. ಇವತ್ತು ಸುಳಿಯಲ್ಲಿ ದಪ್ಪ ಹುಳು ಸಿಕ್ಕಿತು ಅಂದರೆ ಅದರ ತಾಯಿ ಹಾರಾಡಿದ್ದು ಎರಡು ಮೂರು ವಾರದ ಹಿಂದೆ. ನಿಮ್ಮ ಬಲೆ ಹೋದ ವಾರ ಕಟ್ಟಿದ್ದಾದರೆ ಆಗ ಹಾರಾಡಿದ ಗಂಡು ಪತಂಗಗಳು ಅದರಲ್ಲಿ ಬೀಳುವುದು ಕಷ್ಟ, ಅಲ್ವಾ? ಒಂದು ಪೀಳಿಗೆ ಹುಳುವಾಗಿರುವಾಗ ಪತಂಗ ಕಡಿಮೆ, ಅದೇ ಪೀಳಿಗೆ ಕೋಶ ಒಡೆದಾಗ ಒಮ್ಮೆಲೇ ಜಾಸ್ತಿ. ಹಾಗಾಗಿ ಹುಳುವಿನ ಗಾತ್ರವನ್ನೂ ಪುಸ್ತಕದಲ್ಲಿ ಬರೆಯಿರಿ. ಮುಂದೆ ಪತಂಗ ಯಾವಾಗ ಏಳಬಹುದು ಅಂತ ಅದರಿಂದಲೇ ಅಂದಾಜು ಸಿಗುತ್ತದೆ.

ಜೋರು ಗಾಳಿ, ಮಳೆ, ಚಳಿ ಇರುವ ರಾತ್ರಿ ಪತಂಗ ಹಾರುವುದು ಕಡಿಮೆ. ಹೊಲದಲ್ಲಿ ಹೆಣ್ಣುಗಳೇ ಜಾಸ್ತಿ ಇದ್ದರೆ ಗಂಡುಗಳು ನಿಜವಾದ ಹೆಣ್ಣಿನ ಹಿಂದೆ ಹೋಗುತ್ತವೆ, ರಬ್ಬರ್ ತುಂಡಿನ ಕಡೆ ಬರುವುದಿಲ್ಲ. ಕೀಟ ತುಂಬಾ ಇರುವಾಗಲೇ ಬಲೆಯ ಲೆಕ್ಕ ಇಳಿಯುವುದುಂಟು ಅನ್ನುವುದು ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ನೀವು ಬಳಸುವುದು ದೀಪದ ಬಲೆಯಾದರೆ ಹುಣ್ಣಿಮೆಯ ಆಸುಪಾಸು ಲೆಕ್ಕ ಬೀಳುತ್ತದೆ. ಬೆಳದಿಂಗಳಲ್ಲಿ ದೀಪದ ಸೆಳೆತ ಕಡಿಮೆ.

ರಸ ಹೀರುವ ಕೀಟಗಳಿಗೆ ಬೇರೆ ಲೆಕ್ಕ. ಹಳದಿ ಹಾಳೆಗೆ ಅಂಟುವುದು ರೆಕ್ಕೆ ಬಂದ ಹೇನು ಮಾತ್ರ. ರೆಕ್ಕೆಯಿಲ್ಲದ ಹೇನುಗಳ ದೊಡ್ಡ ಸಂಸಾರವೇ ಚಿಗುರಿನಲ್ಲಿದ್ದರೂ ಹಾಳೆ ಖಾಲಿ ಇರಬಹುದು. ಜೇಡ ನುಸಿಗಂತೂ ರೆಕ್ಕೆಯೇ ಇಲ್ಲ. ಅದನ್ನು ಅಂಟು ಬಲೆಯಲ್ಲಿ ಕಾಯುತ್ತಾ ಕೂರುವುದು ಸುಮ್ನೆ ಟೈಂ ವೇಸ್ಟ್.

ಉಲ್ಟಾ ದೋಷ: ಬಲೆ ತುಂಬಿದೆ, ಗಿಡ ಶುದ್ಧವಾಗಿದೆ

ಮೊದಲು ಬಿದ್ದದ್ದು ಯಾರು ಅಂತ ನೋಡಿ. ಫಾಲ್ ಸೈನಿಕ ಹುಳುವಿನ ಲ್ಯೂರ್‌ಗೆ ಮಿಥಿಮ್ನಾ ಗುಂಪಿನ ಪತಂಗಗಳೂ ಬರುತ್ತವೆ. ಎಣಿಸುವ ಆತುರದಲ್ಲಿ ಎಲ್ಲವೂ ಒಂದೇ ಲೆಕ್ಕಕ್ಕೆ ಹೋಗುತ್ತವೆ. ಫಾಲ್ ಸೈನಿಕ ಹುಳುವಿನ ಗಂಡಿಗೆ ಮುಂದಿನ ರೆಕ್ಕೆಯ ತುದಿಯಲ್ಲಿ ಬಿಳಿಚು ತ್ರಿಕೋನದ ಮಚ್ಚೆ ಇರುತ್ತದೆ. ಒಂದೆರಡು ಪತಂಗಗಳನ್ನು ಬಿಳಿ ಹಾಳೆಯ ಮೇಲಿಟ್ಟು, ರೆಕ್ಕೆ ಬಿಡಿಸಿ, ಭೂತಗನ್ನಡಿಯಲ್ಲಿ ನೋಡಿ. ಹುಡಿ ಉದುರಿ ಮಚ್ಚೆ ಅಳಿಸಿದ್ದರೆ ಅದನ್ನು ‘ಗುರುತಾಗಿಲ್ಲ’ ಎಂಬ ಬೇರೆ ಸಾಲಿಗೆ ಹಾಕಿ.

ಗುರುತು ಸರಿಯಿದ್ದರೂ ಗಿಡ ಶುದ್ಧವಾಗಿರಲು ಕಾರಣಗಳಿವೆ. ಬಿದ್ದವು ಎಲ್ಲಾ ಗಂಡು, ಮೊಟ್ಟೆ ಇಡುವುದು ಹೆಣ್ಣು. ಗಂಡುಗಳು ದೂರದಿಂದಲೂ ಬಂದಿರಬಹುದು. ಮೊಟ್ಟೆ ಇಟ್ಟಿದ್ದರೂ ಟ್ರೈಕೊಗ್ರಾಮಾ, ಟೆಲಿನೋಮಸ್‌ನಂಥ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜಗಳು ಮೊಟ್ಟೆಯೊಳಗೇ ತಮ್ಮ ಮೊಟ್ಟೆ ಇಟ್ಟು ಮುಗಿಸಿರುತ್ತವೆ. ಟ್ರೈಕೊಗ್ರಾಮಾ ಹೊಕ್ಕ ಮೊಟ್ಟೆ ಕಪ್ಪಾಗುತ್ತದೆ. ಇದೆಲ್ಲ ಇರುವುದರಿಂದಲೇ ರೈತರು ‘ಔಷಧಿ ಹೊಡೀಬೇಕಾ ಬೇಡ್ವಾ’ ಅಂತ ಕೇಳಿದಾಗ ಬಲೆಯ ಸಂಖ್ಯೆಯೊಂದನ್ನೇ ನೋಡಿ ಉತ್ತರ ಕೊಡಬಾರದು. ಬಲೆ ಹೇಳುವುದು ‘ಈಗ ಗಿಡ ನೋಡಲು ಹೋಗಿ’ ಅಂತ. ಅಷ್ಟೇ.

ಗಿಡ ನೋಡುವುದರಲ್ಲೇ ದೋಷ ಇದ್ದರೆ

ಹೊಲದ ಅಂಚಿನ ನಾಲ್ಕು ಗಿಡ ನೋಡಿ ಬಂದರೆ ಅದು ಅಂಚಿನ ವರದಿ. ಹಲವು ಕೀಟಗಳು ಅಂಚಿನಲ್ಲಿ ಜಾಸ್ತಿ ಇರುತ್ತವೆ. ಕೆಲವು ಮೀಟರ್ ಒಳಗೆ ಹೋಗಿ, ಅಂಕುಡೊಂಕಾಗಿ ನಡೆದು, ಐದು ಕಡೆ ನಿಂತು, ಪ್ರತಿ ಕಡೆ ಹತ್ತು ಗಿಡ ನೋಡುವುದು ಚಾಲ್ತಿಯಲ್ಲಿರುವ ಕ್ರಮ. ಗಿಡ ಆರಿಸುವಾಗ ಕಣ್ಣು ತಾನಾಗಿ ತೂತು ಬಿದ್ದ ಎಲೆಯ ಕಡೆ ಹೋಗುತ್ತದೆ. ಅದನ್ನು ತಡೆಯಲು ನಿಂತ ಜಾಗದಿಂದ ಸಾಲಾಗಿ ಹತ್ತು ಗಿಡ ಎಣಿಸಿ, ಚೆನ್ನಾಗಿರಲಿ ಕೆಟ್ಟಿರಲಿ. ಎಲೆಯ ಅಡಿ ತಿರುಗಿಸಿ ನೋಡದ ವರದಿಗೆ ಬೆಲೆ ಇಲ್ಲ. ಬಿಳಿನೊಣ, ಹೇನು, ನುಸಿ ಎಲ್ಲಾ ಇರುವುದು ಅಲ್ಲೇ.

ಸುಳಿಯಲ್ಲಿ ಸಿಕ್ಕ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ, ಎರಡೂ ಇದ್ದರೆ ಅದು ಫಾಲ್ ಸೈನಿಕ ಹುಳು. ಮರಿ ಚಿಕ್ಕದಿರುವಾಗ ಈ ಗುರುತು ಸರಿಯಾಗಿ ಕಾಣುವುದಿಲ್ಲ, ಎಲೆಯ ಮೇಲೆ ಕೆರೆದು ತಿಂದ ಪಾರದರ್ಶಕ ಕಿಟಕಿಗಳಷ್ಟೇ ಕಾಣುತ್ತವೆ.

ಇಬ್ಬರು ಇಂಟರ್ನ್‌ಗಳ ಲೆಕ್ಕದಲ್ಲಿ ಪದೇ ಪದೇ ವ್ಯತ್ಯಾಸ ಬಂದರೆ ಒಂದೇ ಗಿಡಗಳನ್ನು ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಎಣಿಸಿ, ಆಮೇಲೆ ಹೋಲಿಸಿ. ಜಗಳ ಅಲ್ಲೇ ಮುಗಿಯುತ್ತದೆ.

ಹುಳುವೇ ಇಲ್ಲ, ಗಿಡ ಮಾತ್ರ ಕೆಡುತ್ತಿದೆ

ಇಲ್ಲಿ ಮೊದಲ ಪ್ರಶ್ನೆ ಎಲೆಗಲ್ಲ, ಹೊಲಕ್ಕೆ. ಸ್ವಲ್ಪ ಎತ್ತರದಲ್ಲಿ ನಿಂತು ಇಡೀ ಹೊಲ ನೋಡಿ. ಕೆಟ್ಟ ಗಿಡಗಳು ನೇರ ಗೆರೆಯಲ್ಲಿವೆಯಾ, ಒಂದು ಡ್ರಿಪ್ ಪೈಪಿನ ಉದ್ದಕ್ಕೂ ಇವೆಯಾ, ಸ್ಪ್ರೇ ಮಾಡಿದ ಪಟ್ಟಿಯ ಅಗಲಕ್ಕೆ ಸರಿಯಾಗಿವೆಯಾ? ಹಾಗಿದ್ದರೆ ಹೆಚ್ಚಾಗಿ ಅದು ಕೀಟವೂ ಅಲ್ಲ, ರೋಗವೂ ಅಲ್ಲ. ನೀರು, ಗೊಬ್ಬರ, ಕಳೆನಾಶಕದ ಎಡವಟ್ಟು. ಜೀವ ಇರುವ ಕಾರಣ ಒಂದು ಕಡೆ ಶುರುವಾಗಿ ದಿನ ಕಳೆದಂತೆ ಹರಡುತ್ತದೆ, ಗೆರೆ ಎಳೆದಂತೆ ನಿಲ್ಲುವುದಿಲ್ಲ. ಪಕ್ಕದಲ್ಲಿರುವ ಬೇರೆ ಜಾತಿಯ ಗಿಡ, ಕಳೆ ಕೂಡ ಒಂದೇ ದಿನದಲ್ಲಿ ಸುಟ್ಟಂತಾಗಿದ್ದರೆ ಅನುಮಾನ ಇನ್ನೂ ಗಟ್ಟಿ. ಟೊಮೆಟೊ, ಹತ್ತಿ, ದ್ರಾಕ್ಷಿಗೆ 2,4-ಡಿ ಕಳೆನಾಶಕದ ಗಾಳಿ ತಾಗಿದರೂ ಸಾಕು, ಎಲೆ ಕಿರಿದಾಗಿ ಬಳ್ಳಿಯಂತೆ ಸುರುಟಿಕೊಳ್ಳುತ್ತದೆ. ಅದನ್ನು ನಂಜು ರೋಗ ಅಂತ ಬರೆದು ಗಿಡ ಕೀಳಿಸಿದ ಉದಾಹರಣೆಗೆ ಕೊರತೆ ಇಲ್ಲ.

ಎರಡನೆಯದು, ಹಳದಿ ಎಲ್ಲಿಂದ ಶುರು? ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಅದನ್ನು ಹಳೆಯ ಎಲೆಯಿಂದ ಎಳೆದು ಚಿಗುರಿಗೆ ಕೊಡುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಕೆಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಹಾಗೆ ಸಾಗಿಸಲು ಆಗುವುದಿಲ್ಲ, ಚಿಗುರು ಮೊದಲು ಕೆಡುತ್ತದೆ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಗುಳಿ ಬೀಳುವುದು ಇದೇ ಕ್ಯಾಲ್ಸಿಯಂ ತಕರಾರು. ನೀರು ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಆದಾಗ ಬರುತ್ತದೆ. ಅದಕ್ಕೆ ಶಿಲೀಂಧ್ರನಾಶಕ ಹೊಡೆದರೆ ಉಪಯೋಗವಿಲ್ಲ.

ಸೊರಗು ರೋಗದ ಅನುಮಾನ ಬಂದರೆ ಒಂದು ಗಾಜಿನ ಲೋಟ ಸಾಕು. ಬಾಡಿದ ಟೊಮೆಟೊ ಅಥವಾ ಬದನೆ ಗಿಡದ ಬುಡದ ಹತ್ತಿರ ಬೆರಳುದ್ದ ಕಾಂಡ ಕತ್ತರಿಸಿ. ಮಣ್ಣು ತೊಳೆಯಿರಿ. ಲೋಟದಲ್ಲಿ ತಿಳಿ ನೀರು ಹಾಕಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ, ತಳಕ್ಕೆ ಮುಟ್ಟದಂತೆ ಹಿಡಿಯಿರಿ. ಅಲುಗಾಡಿಸಬೇಡಿ. ಲೋಟದ ಹಿಂದೆ ಕಪ್ಪು ಬಟ್ಟೆ ಇದ್ದರೆ ಚೆನ್ನಾಗಿ ಕಾಣುತ್ತದೆ. ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗವಾದರೆ ಕೆಲವೇ ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಸಣ್ಣಗೆ ಕೆಳಗಿಳಿಯುತ್ತದೆ. ಶಿಲೀಂಧ್ರದಿಂದ ಬಂದ ಸೊರಗು ಆದರೆ ಈ ಎಳೆ ಬರುವುದಿಲ್ಲ. ಕಾಂಡ ಸೀಳಿದರೆ ಒಳಗೆ ಕಂದು ಗೆರೆ ಕಾಣುತ್ತದೆ. ಕಂದು ಗೆರೆ ದುಂಡಾಣುವಿನಲ್ಲೂ ಇರಬಹುದು, ಆದ್ದರಿಂದ ಲೋಟದ ಪರೀಕ್ಷೆ ಬಿಡಬೇಡಿ.

ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುವ ಗಿಡವನ್ನು ಒಂದು ಕಿತ್ತು ಬೇರು ನೋಡಿ. ಎಳೆಯಬೇಡಿ, ಸಲಿಕೆಯಲ್ಲಿ ಮಣ್ಣು ಸಮೇತ ಎತ್ತಿ ನೀರಲ್ಲಿ ತೊಳೆಯಿರಿ. ಬೇರೇ ಊದಿಕೊಂಡು ಗಂಟಾಗಿದ್ದರೆ ಬೇರುಗಂಟು ಜಂತುಹುಳು. ದ್ವಿದಳ ಬೆಳೆಯಲ್ಲಿ ಗಾಬರಿ ಬೇಡ. ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ಉಗುರಲ್ಲಿ ಸುಲಭವಾಗಿ ಬಿಡಿಸಲು ಬಂದು, ಒಡೆದರೆ ಒಳಗೆ ಗುಲಾಬಿ ಬಣ್ಣ ಇದ್ದರೆ ಅದು ಸಾರಜನಕ ಕೂಡಿಡುವ ಒಳ್ಳೆಯ ಗಂಟು.

ಮೆಣಸಿನ ಎಲೆ ಮುದುಡಿದಾಗ ಯಾವ ಕಡೆ ಅಂತ ಬರೆಯಿರಿ. ಥ್ರಿಪ್ಸ್ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮಡಚುತ್ತದೆ, ನುಸಿ ಹೀರಿದರೆ ಕೆಳಕ್ಕೆ. ಬಿಳಿ ಹಾಳೆಯ ಮೇಲೆ ಚಿಗುರನ್ನು ತಟ್ಟಿ, ಸ್ವಲ್ಪ ಹೊತ್ತು ನೋಡಿ. ಓಡಾಡುವ ಉದ್ದನೆಯ ಚುಕ್ಕೆ ಥ್ರಿಪ್ಸ್. ಎಲೆ ಮುದುಡಿಸುವ ನುಸಿ ಹಾಳೆಯ ಮೇಲೆ ಕಾಣದಷ್ಟು ಸಣ್ಣದು, ಅದಕ್ಕೆ ಲೆನ್ಸ್ ಬೇಕೇ ಬೇಕು. ಎಲೆಯ ಮೇಲೆ ಕಪ್ಪು ಮಸಿ ಕೂತಿದ್ದರೆ ಬೆರಳಲ್ಲಿ ಒರೆಸಿ, ಒರೆಸಿದರೆ ಹೋಗುತ್ತದೆ. ಹೇನು, ಬಿಳಿನೊಣ, ಹಿಟ್ಟು ತಿಗಣೆ ಬಿಡುವ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು ಅದು. ಕೀಟ ಅದೇ ಎಲೆಯಲ್ಲಿ ಸಿಗುವುದಿಲ್ಲ, ಅದರ ಮೇಲಿನ ಎಲೆಯ ಅಡಿಯಲ್ಲಿ ಹುಡುಕಿ.

ಫೋನಿನ ಆ್ಯಪ್ ಬಗ್ಗೆ ಒಂದು ಮಾತು. ಫೋಟೋ ಕೊಟ್ಟರೆ ಅದು ಏನಾದರೂ ಒಂದು ಹೆಸರು ಹೇಳುತ್ತದೆ. ಹೊಲದಲ್ಲಿ ರೋಗ ಹೇಗೆ ಹರಡಿದೆ, ಬೇರು ಹೇಗಿದೆ, ಹೋದ ವಾರ ಏನು ಹೊಡೆದರು ಎಂಬುದು ಅದಕ್ಕೆ ಗೊತ್ತಿಲ್ಲ. ಅದು ಹೇಳಿದ ಹೆಸರನ್ನು ಪರೀಕ್ಷಿಸಬೇಕಾದ ಊಹೆ ಅಂತ ಇಟ್ಟುಕೊಳ್ಳಿ, ವರದಿಗೆ ನೇರವಾಗಿ ಹಾಕಬೇಡಿ.

ಮಾದರಿ ಕಳಿಸುವಾಗ

ಪೂರ್ತಿ ಒಣಗಿದ ಎಲೆಯಿಂದ ಪ್ರಯೋಗಾಲಯಕ್ಕೆ ಹೆಚ್ಚೇನೂ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಕೊಳೆಸುವ ಬೇರೆ ಶಿಲೀಂಧ್ರಗಳು ಬಂದು ಕೂತಿರುತ್ತವೆ. ರೋಗದ ಭಾಗ ಮತ್ತು ಆರೋಗ್ಯದ ಭಾಗ ಎರಡೂ ಸೇರುವ ಅಂಚು ಇರುವ ಎಲೆ ಕಳಿಸಿ. ಎಲೆಯನ್ನು ಪೇಪರಿನಲ್ಲಿ ಸುತ್ತಿ. ಒದ್ದೆ ಎಲೆ ಪ್ಲಾಸ್ಟಿಕ್‌ನಲ್ಲಿ ಹಾಕಿದರೆ ದಾರಿಯಲ್ಲೇ ಕೊಳೆಯುತ್ತದೆ. ಬೇರಿನ ಮಾದರಿಗೆ ಮಾತ್ರ ಮಣ್ಣು ಸಮೇತ ಪ್ಲಾಸ್ಟಿಕ್ ಚೀಲ, ಬೇರು ಒಣಗಬಾರದು.

ಮರಿಹುಳುವನ್ನು ಬಿಸಿನೀರಿಗೆ ಹಾಕಿ ಆಮೇಲೆ 70–80% ಆಲ್ಕೋಹಾಲ್‌ಗೆ ಹಾಕಿದರೆ ಕಪ್ಪಾಗುವುದಿಲ್ಲ. ಪತಂಗವನ್ನು ಆಲ್ಕೋಹಾಲ್‌ಗೆ ಹಾಕಬೇಡಿ, ರೆಕ್ಕೆಯ ಹುಡಿ ಹೋಗಿ ಗುರುತು ಸಿಗುವುದಿಲ್ಲ. ಒಣಗಿಸಿ, ಮಡಚಿದ ಕಾಗದದಲ್ಲಿಡಿ. ಶೀಷೆಯೊಳಗಿನ ಚೀಟಿ ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗುತ್ತದೆ.

ಪಟ್ಟಿಯಲ್ಲಿಲ್ಲದ, ಯಾರೂ ನೋಡಿರದ ಕೀಟ ಅನ್ನಿಸಿದರೆ ಜೀವಂತವಾಗಿ ಎಲ್ಲಿಗೂ ಒಯ್ಯಬೇಡಿ, ಹಾಸ್ಟೆಲ್ ಕೋಣೆಗಂತೂ ಬೇಡವೇ ಬೇಡ. ಅಲ್ಲೇ ಫೋಟೋ ತೆಗೆದು, ಕೊಂದು, ಮಾದರಿ ಮಾಡಿ, ಜಾಗದ ಗುರುತು ಬರೆದು, ಅವತ್ತೇ ಮಾರ್ಗದರ್ಶಕರಿಗೆ ಫೋನ್ ಮಾಡಿ. ಹೆಸರು ಖಾತ್ರಿಯಾಗುವವರೆಗೆ ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ. ವರದಿಯ ಹೆಸರಿನ ಖಾನೆಯಲ್ಲಿ ‘ಗುರುತಿಸಬೇಕಿದೆ’ ಅಂತ ಬರೆದು ಪಕ್ಕದಲ್ಲಿ ಮಾದರಿ ಸಂಖ್ಯೆ ಹಾಕಿ.